ಸೋಮವಾರದ ಹಣಿಗೆ

ನಾನು ಪಾಠ ಮಾಡುವ ಕುಷ್ಟಗಿಯ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರು ಊಟದ ಬಿಡುವಿನಲ್ಲಿ ನನ್ನ ಬೆನ್ನ ಹಿಂದೆ ನಿಂತು ಪಿಸುಗುಡುತ್ತಾರೆ. ಮೊನ್ನೆ ಒಬ್ಬಳು ಧೈರ್ಯ ಮಾಡಿ ಕೇಳಿಯೇ ಬಿಟ್ಟಳು.

"ಟೀಚರ್ರೀ, ನಿಮ್ಮ ಕೂದ್ಲಾ ಎಷ್ಟ ಹೊಳಿತಾವ್ರೀ! ಏನ ಹಚ್ಚತೀರಿ?"

ಹೇಳಿದೆ. ಗುಟ್ಟೇನಿಲ್ಲ. ಕೊಬ್ಬರಿ ಎಣ್ಣೆಗೆ ತುಸು ಔಡಲ ಎಣ್ಣೆ ಬೆರೆಸಿ, ಬೆಚ್ಚಗೆ ಮಾಡಿ, ಬೆರಳ ತುದಿಯಿಂದ ಬುಡಕ್ಕೆ ತಿಕ್ಕಬೇಕು, ಉಗುರು ತಾಗಿಸಬಾರದು. ನೆನೆಸಿದ ಮೆಂತ್ಯ, ದಾಸವಾಳದ ಎಲೆ ಅರೆದು ಹಚ್ಚಿಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಬೋರಿನ ಸವುಳು ನೀರಿಗೆ ಕೂದಲು ತೆಂಗಿನ ನಾರಾಗುತ್ತದೆ. ಅದಕ್ಕೇ ಕೊನೆಯ ತಂಬಿಗೆಗೆ ಕುಡಿಯುವ ನೀರು ಎತ್ತಿಟ್ಟುಕೊಂಡು, ಅರ್ಧ ನಿಂಬೆಹಣ್ಣು ಹಿಂಡಿ ಸುರಿದುಕೊಳ್ಳಬೇಕು. ಒದ್ದೆ ತಲೆ ಹಿಕ್ಕಬಾರದು. ಹಿಕ್ಕುವಾಗ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು. ಮೇಲಿನಿಂದ ಎಳೆದರೆ ಸಿಕ್ಕು ಬಿಗಿಯುತ್ತದೆ.

"ಅಷ್ಟರೀ?"

"ಅಷ್ಟ."

ಅಷ್ಟೇ ಅಲ್ಲ. ಇದನ್ನು ಹೇಳುತ್ತಿರುವಾಗಲೇ ನನ್ನ ಎಡಗೈ ಕತ್ತಿನ ಹಿಂದೆ ಹೋಗಿ, ಹೆರಳಿನ ಬುಡದಲ್ಲಿ ಏನನ್ನೋ ಹುಡುಕುತ್ತಿತ್ತು. ಬಸ್ಸಿನಲ್ಲಿ ಕೂತರೂ ಹಾಗೇ, ಹಾಜರಿ ಕರೆಯುವಾಗಲೂ ಹಾಗೇ. ಬೆರಳಿಗೆ ಒಂದು ಸಣ್ಣ ಸಿಕ್ಕು ತಾಗಿದರೆ ಸಾಕು, ಹಣಿಗೆಗೆ ಕೈ ಹಾಕುತ್ತೇನೆ. ಚೀಲದಲ್ಲಿ ಒಂದು, ಟೇಬಲ್ಲಿನ ಡ್ರಾಯರಿನಲ್ಲಿ ಒಂದು ಹಣಿಗೆ ಇಟ್ಟುಕೊಂಡಿರುವ ನನ್ನನ್ನು ಸ್ಟಾಫ್ ರೂಮಿನಲ್ಲಿ ಶೋಕಿಯವಳು ಎಂದು ನಗುತ್ತಾರೆ. ನಗಲಿ.

ನಾವು ಯಲಬುರ್ಗಾ ಕಡೆಯ ಹಳ್ಳಿಯವರು. ನಾನು ಸಾಲಿಗೆ ಸೇರುವ ಮೊದಲೇ ಅಪ್ಪ ಅವ್ವ ಕೂಲಿಗೆಂದು ಕೊಪ್ಪಳಕ್ಕೆ ಬಂದು, ಊರಂಚಿನ ಓಣಿಯಲ್ಲಿ ಒಂದು ಕೋಣೆಯ ಮನೆ ಹಿಡಿದರು. ಅಪ್ಪನದು ಹಮಾಲಿ ಕೆಲಸ. ಅವ್ವನದು ಕೂದಲು ಬಿಡಿಸುವ ಕೆಲಸ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಹೆಂಗಸರು ತಲೆ ಹಿಕ್ಕಿದಾಗ ಹಣಿಗೆಯಲ್ಲಿ ಉಳಿಯುವ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಇಡುತ್ತಾರಲ್ಲ, ಅದನ್ನು ಓಣಿ ಓಣಿ ತಿರುಗುವವರು ಪಿನ್ನು, ಬಟ್ಟಲು ಕೊಟ್ಟು ಒಯ್ಯುತ್ತಾರೆ. ಎಲ್ಲೆಲ್ಲಿಯದೋ ಆ ಕೂದಲು ಮೂಟೆ ಮೂಟೆಯಾಗಿ ಕೊಪ್ಪಳಕ್ಕೆ ಬಂದು ಬೀಳುತ್ತದೆ. ಸಾಹುಕಾರರು ಅದನ್ನು ಮನೆಮನೆಗೆ ಹಂಚುತ್ತಾರೆ. ಅವ್ವನಂಥವರು ಆ ಉಂಡೆಗಳನ್ನು ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಆಮೇಲೆ ಅದು ತೊಳೆಸಿಕೊಂಡು, ಹೊಳಪು ಪಡೆದು, ಯಾವುದೋ ದೇಶದ ಯಾರದೋ ತಲೆಯ ಮೇಲೆ ಕೂರುತ್ತದೆಯಂತೆ. ಆ ತಲೆಗಳನ್ನು ನಾವು ಕಂಡಿಲ್ಲ. ನಮ್ಮ ಮನೆಯಲ್ಲಿ ಅದರ ಹೆಸರು 'ಮಾಲು', ಅಷ್ಟೇ.

ಮಾಲು ಹರವಿದಾಗ ಬಾಗಿಲು ಹಾಕಬೇಕು, ಫ್ಯಾನು ಆರಿಸಬೇಕು. ಇಲ್ಲವಾದರೆ ಗಾಳಿಗೆ ಹಾರಿ ರೊಟ್ಟಿಯೊಳಗೂ ಕೂದಲು. ಬೇಸಿಗೆಯಲ್ಲಿ ಆ ಮುಚ್ಚಿದ ಕೋಣೆಯಲ್ಲಿ ನಾನು ಗೋಡೆಗೆ ಮುಖ ಮಾಡಿ ಓದುತ್ತಿದ್ದೆ, ಅವ್ವ ನನ್ನ ಬೆನ್ನ ಹಿಂದೆ ಬಿಡಿಸುತ್ತಿದ್ದಳು. ಬಿಡಿಸುತ್ತಾ ಆ ಕೂದಲಿನ ಒಡತಿಯರ ಜೊತೆ ಜಗಳ ಮಾಡುತ್ತಿದ್ದಳು. "ಯಾಕಿನೋ ಇಕಿ, ಎಣ್ಣಿ ಮಾರೀನ ಕಂಡಿಲ್ಲ." "ಇಕಿ ನೋಡು, ದಿನಾ ಹಿಕ್ಕೊಂಡಾಕಿ. ಗಂಡ ಚಂದ ನೋಡ್ಕೊಂಡಾನ." ನನಗೆ ನಗು ತಡೆಯುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬಿಟ್ಟಿ ಬಂದದ್ದಲ್ಲ. ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಓದಿದೆ. ಅಲ್ಲಿ ಕಾಲುವೆಯ ಸಿಹಿನೀರು. ಒಂದೇ ವರ್ಷದಲ್ಲಿ ನನ್ನ ಕೂದಲು ಬೇರೆಯವರದೇನೋ ಅನ್ನುವ ಹಾಗೆ ಮಿಂಚತೊಡಗಿತು. ಭಾನುವಾರ ಬಂದರೆ ನನ್ನ ಮುಂದೆ ಸಾಲು. ಎಣ್ಣೆ ಹಚ್ಚುವುದು, ಹೆರಳು ಹಾಕುವುದು, ನಾಲ್ಕೆಳೆ, ಐದೆಳೆ. ಕಾರಟಗಿಯಿಂದ ಬರುತ್ತಿದ್ದ ಗೆಳತಿ ಕೂದಲು ನೆಟ್ಟಗೆ ಮಾಡುವ ಕರೆಂಟಿನ ಇಕ್ಕಳ ತಂದಿದ್ದಳು. ಕಾಲೇಜಿನ ವಾರ್ಷಿಕೋತ್ಸವದ ದಿನ ಕೋಣೆಯ ತುಂಬ ಸುಟ್ಟ ವಾಸನೆ. ನಾನು ತಲೆ ಕೊಡಲಿಲ್ಲ.

"ನಿನಗ್ಯಾಕ ಬೇಕಲೇ ಇದು," ಅಂದಳು ಅವಳು. "ನೀ ಹಿಂದ ತಿರುಗಿ ನಿಲ್ಲು. ನಿನ್ನ ಹೆರಳಾಗ ಮಾರಿ ನೋಡ್ಕೊಂಡು ನಾ ಕುಂಕುಮ ಹಚ್ಕೋತೀನಿ."

ಕೊನೆಯ ಸೆಮಿಸ್ಟರಿನಲ್ಲಿ ನನಗೆ ಟೈಫಾಯಿಡ್ ಬಂತು. ವಾರಗಟ್ಟಲೆ ಮಲಗಿದೆ. ತಲೆ ಹಿಕ್ಕುವುದಿರಲಿ, ಎತ್ತಲೂ ಆಗುತ್ತಿರಲಿಲ್ಲ. ದಿಂಬಿಗೆ ಉಜ್ಜಿ ಉಜ್ಜಿ ಕತ್ತಿನ ಹಿಂದೆ ಸಿಕ್ಕಾಯಿತು. ತುಸು ಎದ್ದು ಕೂರುವಂತಾದ ಕೂಡಲೇ ಬಿಸಿನೀರು, ಶಾಂಪೂ ಹಾಕಿ ಗಸಗಸ ತಿಕ್ಕಿದೆ. ಸಿಕ್ಕು ಕಂಬಳಿಯ ಹಾಗೆ ಬಿಗಿಯಿತು. ಪರೀಕ್ಷೆಗೆ ಇನ್ನೂ ಸಮಯವಿದೆ, ಮನೆಗೆ ಹೋಗಿ ಸುಧಾರಿಸಿಕೋ ಎಂದು ವಾರ್ಡನ್ ಕಳಿಸಿಕೊಟ್ಟರು. ತಲೆಗೆ ಓಢಣಿ ಸುತ್ತಿಕೊಂಡು ಕೊಪ್ಪಳದ ಬಸ್ಸು ಹತ್ತಿದೆ.

ಮನೆಯಲ್ಲಿ ಓಢಣಿ ಬಿಚ್ಚಿದಾಗ ನನ್ನ ಹಿಂದೆ ಕೂತಿದ್ದವಳು ಆಯಿ, ಅಪ್ಪನ ತಾಯಿ. ಅವಳ ಕೈ ನನ್ನ ಕತ್ತಿನ ಹತ್ತಿರ ಬಂದದ್ದು ಹಾಗೇ ನಿಂತಿತು.

"ಜಟಿ ಬಿಟ್ಟೈತಿ," ಅಂದಳು. "ಯವ್ವಾ, ಅಮ್ಮ ಬಂದಾಳ."

ಜಟೆ ಅಂದರೆ ನಮ್ಮಲ್ಲಿ ಬರೀ ಸಿಕ್ಕಲ್ಲ. ಹೆಣ್ಣಿನ ತಲೆಯಲ್ಲಿ ಕೂದಲು ತಾನಾಗಿ ಗಂಟುಕಟ್ಟಿದರೆ ದೇವಿ ಅವಳನ್ನು ಬೇಡಿದಳು ಎಂದು ಅರ್ಥ. ಒಂದು ಮಂಗಳವಾರ ಗುಡಿಯಲ್ಲಿ ಅದಕ್ಕೆ ಭಂಡಾರ, ಅಂದರೆ ದೇವಿಯ ಅರಿಸಿನ, ಬಿದ್ದಿತೆಂದರೆ ಮುಗಿಯಿತು. ಹಣಿಗೆ ಮುಟ್ಟಿಸುವಂತಿಲ್ಲ, ಮದುವೆಯ ಮಾತಿಲ್ಲ. ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಬೇಡಲು ಹೋಗುವುದು. ಆಯಿಯ ಬೆನ್ನಿಗೆ ಬಿದ್ದ ತಂಗಿ ಹಾಗೇ ಬುಟ್ಟಿ ಹೊತ್ತು ಹೋದವಳು. ಅವಳ ಜಟೆಯನ್ನು ಅವರಿಬ್ಬರ ಅಣ್ಣ ಸಿಟ್ಟಿನಲ್ಲಿ ಕತ್ತರಿಸಿದ್ದನಂತೆ. ಅದೇ ಮಳೆಗಾಲದಲ್ಲಿ ಅಣ್ಣ ತೀರಿಕೊಂಡ. ಅಂದಿನಿಂದ ಆಯಿಗೆ ಅದು ಕತೆಯಲ್ಲ, ಕಣ್ಣಾರೆ ಕಂಡದ್ದು.

ನಾನು ಸುಮ್ಮನಿರಲಿಲ್ಲ. "ಆಯಿ, ಜ್ವರದಾಗ ಹಿಕ್ಕೊಂಡಿಲ್ಲ, ಸಿಕ್ಕಾಗೈತಿ. ದೇವರಿಗೆ ಬಿಡೋದು ಕಾನೂನಿಗೆ ವಿರುದ್ಧ, ಗೊತ್ತೈತಿಲ್ಲೋ? ಪೊಲೀಸ್ರ ಬರ್ತಾರ."

"ಬರ್ಲಿ ಬಿಡು, ಚಾ ಮಾಡಿ ಕೊಡೋಣು," ಅಂದಳು ಆಯಿ. "ನಿನ್ನ ಕಾನೂನು ತಲಿ ಒಳಗೈತಿ. ಅಮ್ಮ ತಲಿ ಮ್ಯಾಲ ಕುಂತಾಳ."

ಸುದ್ದಿ ಓಣಿ ತುಂಬಿತು. ಎದುರು ಮನೆಯ ಕಾಕಿ ಹಸಿರು ಬಳೆ ತಂದಳು. ನನಗಿಂತ ಮೂವತ್ತು ವರ್ಷ ದೊಡ್ಡವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಾಗ ನಾನು ಹೌಹಾರಿ ಕಾಲು ಮಡಚಿಕೊಂಡೆ. ಬರುವ ಮಂಗಳವಾರ ಗುಡಿಗೆ ಹೋಗುವುದೆಂದು ಆಯಿ ಕಾಕಿ ಕೂಡಿ ನಿಕ್ಕಿ ಮಾಡಿದರು. ಅದರ ಮುಂದಿನ ವಾರವೇ ನನ್ನ ಪರೀಕ್ಷೆ. ಅಪ್ಪ ಟವೆಲು ಕೊಡವಿ, "ಹೆಂಗಸ್ರ ಮಾತು, ನನಗೇನ ತಿಳಿತೈತಿ" ಎಂದು ಹೊರಟುಹೋದ.

ಪುಸ್ತಕ ತೆರೆದರೆ ಅಕ್ಷರ ನಿಲ್ಲುತ್ತಿರಲಿಲ್ಲ. ಕೂತಲ್ಲಿಂದ ಏಳುವುದು, ನೀರು ಕುಡಿಯುವುದು, ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಗಿಸುವುದು. ಒಮ್ಮೆ ಕತ್ತರಿ ಕೈಗೆತ್ತಿಕೊಂಡೆ. ಅವ್ವ ಓಡಿ ಬಂದು ಕಿತ್ತುಕೊಂಡಳು.

"ಕತ್ರಿ ಹಚ್ಚಬ್ಯಾಡ! ನಿನ್ನ ಕೈ ಮುಗಿತೀನಿ. ನಿಮ್ಮಪ್ಪಗ ಏನರ ಆದ್ರ?"

"ಹಂಗಾರ ನೀ ಬಿಡಸು. ದಿನಾ ಮೂಟಿಗಟ್ಲೆ ಬಿಡಸ್ತೀಯಲ್ಲ ಬೇ. ಇದೊಂದು ಗಂಟು ಆಗೂದಿಲ್ಲೇನು?"

ಅವ್ವ ತನ್ನ ಕೈ ನೋಡಿಕೊಂಡಳು. "ಅವು ಯಾರವೋ. ಅವಕ್ಕ ಮಾರಿ ಇಲ್ಲ. ಇದಕ್ಕ ನಿನ್ನ ಮಾರಿ ಐತಿ."

ನನಗೆ ಬೆಂಕಿಯಂಥ ಸಿಟ್ಟು ಬಂದಿತ್ತು. ಊರೂರಿನ ಕೂದಲನ್ನೆಲ್ಲ ಬಿಡಿಸುವ ಕೈ ನನ್ನ ಕತ್ತಿನ ಹತ್ತಿರ ಬಂದು ಹಿಂದೆ ಸರಿಯುತ್ತಿತ್ತು.

ಸೋಮವಾರ ಮಧ್ಯಾಹ್ನ ಆಯಿ ಮರುದಿನದ ಪೂಜೆಗೆ ಕಾಯಿ, ಹೂವು ತರಲು ಪೇಟೆಗೆ ಹೋದಳು. ಅವ್ವ ಎದ್ದು ಬಾಗಿಲು ಹಾಕಿದಳು. ಫ್ಯಾನು ಆರಿಸಿದಳು. ಮಾಲು ಹರವುವ ಗೋಣಿಚೀಲ ಹಾಸಿ, ಅದರ ಮೇಲೆ ಮೂಟೆಯ ಮಾಲು ಒಂದಿಷ್ಟು ಸುರಿದಳು.

"ಬಾ. ಬೋರಲಾಗಿ ಮಲಕೊ."

ಮಲಗಿದೆ. ತನ್ನ ಹಳೆಯ ಸೀರೆಯ ತುಂಡನ್ನು ನನ್ನ ತಲೆ, ಮುಖ, ಭುಜದ ಮೇಲೆ ಹೊದಿಸಿ, ಆ ಗಂಟೊಂದನ್ನೇ ಹೊರಗೆ ಎಳೆದು ಮಾಲಿನ ನಡುವೆ ಇಟ್ಟಳು.

"ಮಾತಾಡಬ್ಯಾಡ. ನೀ ಮಾತಾಡಿದ್ರ ನೀನ ಅಂತ ಗೊತ್ತಾಕ್ಕೈತಿ."

ಬೆಚ್ಚಗಿನ ಎಣ್ಣೆ ಗಂಟಿಗೆ ಇಳಿಯಿತು. ಬೆರಳು ಅದನ್ನು ಹಿಚುಕಿ ಮೆತ್ತಗೆ ಮಾಡಿದವು. ಆಮೇಲೆ ದಬ್ಬಣದ ಮೊನೆ. ಹೊರ ಅಂಚಿನಿಂದ ಒಂದೊಂದೇ ಎಳೆ. ನಾನು ಸೀರೆಯ ಕತ್ತಲಲ್ಲಿ ಬೆವರುತ್ತಾ ಆ ಟಿಕ್ ಟಿಕ್ ಸದ್ದು ಕೇಳುತ್ತಿದ್ದೆ. ತುಸು ಹೊತ್ತಿಗೆ ಅವ್ವನ ದಿನದ ಚಾಳಿ ಶುರುವಾಯಿತು.

"ಯಾಕಿನೋ ಇಕಿ, ಹುಚ್ಚಿ. ಬಿಸಿನೀರಾಗ ತಿಕ್ಯಾಳ. ಹಿಂಗ ತಿಕ್ತಾರೇನು?"

ನಾನು ಸೀರೆ ಕಚ್ಚಿ ನಗು ತಡೆದೆ.

"ಛಲೋ ನೀರು ಕಂಡ ಕೂದ್ಲಾ ಇವು. ಕಾಲಿವಿ ನೀರು. ಎಣ್ಣಿ ಹಚ್ಕೊಂಡಾಳ, ಹೊಳಪ ನೋಡು." ದಬ್ಬಣ ನಿಂತಿತು. ಮತ್ತೆ ಓಡಿತು. "ಓದೋ ಹುಡುಗೀದು ಕಾಣ್ತೈತಿ. ಬ್ಯಾನಿ ಬಿದ್ದಿತ್ತು ಪಾಪ. ಅವರವ್ವ ಹತ್ರ ಇರಲಿಲ್ಲೇನೋ, ಹಿಕ್ಕೋರಿಲ್ಲ." ಆಮೇಲೆ ಬಹಳ ಮೆತ್ತಗೆ, "ಪರೀಕ್ಷಾ ಐತಂತ."

ನಗು ಎಲ್ಲಿಗೆ ಹೋಯಿತೋ. ಮಾತಾಡಬಾರದೆಂದು ಹೇಳಿದ್ದಳು, ಆಡಲಿಲ್ಲ.

ಗಂಟು ಅರ್ಧ ಸಡಿಲವಾಗಿರಬೇಕು, ಬಾಗಿಲು ಬಡಿದ ಸದ್ದು. ಆಯಿ ಬಂದುಬಿಟ್ಟಿದ್ದಳು.

"ಬಾಗಲಾ ತಗಿಯವಾ."

"ಮಾಲು ಹರವೇನ್ರಿ ಅತ್ತಿ. ಹಾರ್ತಾವ. ಸ್ವಲ್ಪ ತಡೀರಿ."

ಇದು ನಮ್ಮ ಮನೆಯಲ್ಲಿ ದಿನವೂ ಆಡುವ ಮಾತು. ಆಯಿ ಕಟ್ಟೆಯ ಮೇಲೆ ಕೂತದ್ದು ಕೇಳಿಸಿತು. ಒಂದು ಗಳಿಗೆ ಬಿಟ್ಟು ಅವಳ ದನಿ ಬಾಗಿಲ ಸಂದಿಯ ಹತ್ತಿರವೇ ಬಂತು.

"ಮಾಲಿಗೆ ಎಣ್ಣಿ ಯಾವಾಗಿಂದ ಹಚ್ಚಾಕತ್ತೀ?"

ದಬ್ಬಣದ ಸದ್ದು ನಿಂತಿತು. ಹೊರಗೆ ಬಳೆಯ ಸದ್ದು, ಬಾಗಿಲಿಗೆ ಬೆನ್ನು ಆನಿಸಿದ ಸದ್ದು. ಕೂಗುತ್ತಾಳೆ, ಓಣಿ ಸೇರಿಸುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಎದುರು ಮನೆಯ ಕಾಕಿಯ ಚಪ್ಪಲಿ ಸದ್ದು.

"ನಾಳಿಗೆ ಎಷ್ಟೊತ್ತಿಗೆ ಹೊರಡೂದ್ರಿ? ಹುಡುಗಿ ಒಳಗ ಐತೇನು? ಒಂಚೂರು ನೋಡಿ ಹೋಗ್ತೀನಿ."

ಆಯಿ ಕುಳಿತಲ್ಲಿಂದ ಏಳಲಿಲ್ಲ. "ಒಳಗ ಮಾಲು ಹರವ್ಯಾರ. ಬಾಗಲಾ ತಗದ್ರ ನಿನ್ನ ಮೂಗಿನಾಗ ಹೊಕ್ಕಾವು. ಆಮ್ಯಾಲ ಬಾ."

ಅವ್ವ ಮತ್ತೆ ದಬ್ಬಣ ಎತ್ತಿಕೊಂಡಳು.

ಬಾಗಿಲು ತೆರೆದಾಗ ಬಿಸಿಲು ಇಳಿದಿತ್ತು. ನನ್ನ ಕೂದಲು ಬೆನ್ನ ತುಂಬ ಬಿಚ್ಚಿಕೊಂಡು, ಎಣ್ಣೆ ಕುಡಿದು, ಬಾಗಿಲ ಬೆಳಕಿಗೆ ಥಳಥಳಿಸುತ್ತಿತ್ತು. ಆಯಿ ನನ್ನ ಮುಖ ನೋಡಲಿಲ್ಲ. ನೆಲ ನೋಡಿದಳು.

"ಕತ್ರಿ ಹಚ್ಚೀರೇನು?"

"ಇಲ್ರಿ ಅತ್ತಿ. ಒಂದ ಎಳಿನೂ ಕತ್ರಿಸಿಲ್ಲ. ತಾವಾಗಿ ಹರದದ್ದು ಇಷ್ಟ."

ಆ ಹರಿದ ಕೂದಲನ್ನು ಅವ್ವ ಮಾಲಿಗೆ ಸೇರಿಸದೆ ಬೇರೆ ಎತ್ತಿಟ್ಟಿದ್ದಳು. ಆಯಿ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಮರುದಿನ ಓಣಿಗೆಲ್ಲ ಸಾರಿದಳು, "ಅಮ್ಮ ಬಂದಿದ್ಲು, ಹೊಳ್ಳಿ ಹೋದ್ಲು. ತಾನ ಬಿಟ್ಟುಕೊಟ್ಲು." ನಾನು ಬಾಯಿ ತೆರೆದೆ, ಅವ್ವ ತೊಡೆ ಚಿವುಟಿದಳು. ಪರೀಕ್ಷೆಗೆ ಗಂಗಾವತಿಗೆ ಹೊರಟಾಗ ಆಯಿಯೂ ನನ್ನ ಜೊತೆ ಬಸ್ಸು ಹತ್ತಿದಳು. ನನ್ನನ್ನು ಹಾಸ್ಟೆಲಿಗೆ ಬಿಟ್ಟು, ತಾನೊಬ್ಬಳೇ ಹೇಮಗುಡ್ಡದ ದೇವಿಯ ಗುಡಿಗೆ ಹೋಗಿ ಸೆರಗಿನ ಗಂಟು ಅಲ್ಲಿ ಬಿಚ್ಚಿ ಬಂದಳಂತೆ.

ಪರೀಕ್ಷೆ ಬರೆದೆ. ಪಾಸಾದೆ. ಬಿ.ಎಡ್. ಆಯಿತು, ಕೆಲಸವೂ ಆಯಿತು. ಆದರೆ ಆ ಗಂಟು ಪೂರ್ತಿ ಬಿಚ್ಚಿತೆಂದು ನಮ್ಮ ಮನೆಯಲ್ಲಿ ಯಾರೂ ನಂಬಿಲ್ಲ. ಊರಿಗೆ ಹೋದರೆ ಆಯಿ ಆಶೀರ್ವಾದ ಮಾಡುವ ನೆವದಲ್ಲಿ ನನ್ನ ಕತ್ತಿನ ಹಿಂದೆ ಬೆರಳಾಡಿಸಿ ನೋಡುತ್ತಾಳೆ. ಅಪ್ಪನಿಗೆ ಕೆಮ್ಮು ಬಂದರೂ ಅವ್ವನ ಕಣ್ಣು ಮೊದಲು ನನ್ನ ತಲೆಯ ಕಡೆ ಹೊರಳುತ್ತದೆ. ನಾನು ವಿಜ್ಞಾನ ಕಲಿಸುವವಳು. ಕೂದಲಿನ ಎಳೆಗೆ ಹೊರಗಡೆ ಹಂಚು ಹೊದಿಸಿದಂಥ ಪದರು ಇರುತ್ತದೆ, ಅದು ಎದ್ದರೆ ಎಳೆಗೆ ಎಳೆ ಸಿಕ್ಕುತ್ತದೆ, ಮಲಗಿದರೆ ಹೊಳೆಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಬರೆದು ತಿರುಗುವಷ್ಟರಲ್ಲಿ ಎಡಗೈ ಮತ್ತೆ ಕತ್ತಿಗೆ.

ಪ್ರತಿ ಸೋಮವಾರ ಸಂಜೆ ಅವ್ವನ ಫೋನು ಬರುತ್ತದೆ. ಊಟ ಆಯಿತೇ, ಆರಾಮೇ ಎಂಬುದೆಲ್ಲ ಆಮೇಲೆ.

"ತಲಿ ಹಿಕ್ಕೊಂಡೇನು?"

"ಹಿಕ್ಕೊಂಡೀನಿ ಬೇ."

"ಹಿಂದಿನೂ?"

"ಹಿಂದಿನೂ."

"ಖರೇ ಹೇಳು."

ಖರೆಯೇ ಹೇಳಿರುತ್ತೇನೆ. ಆದರೂ ಫೋನು ಕಿವಿಗೆ ಆನಿಸಿಕೊಂಡೇ ಹೆರಳು ಬಿಚ್ಚಿ, ತುದಿಯಿಂದ ಶುರು ಮಾಡಿ, ಹಣಿಗೆಯ ಸದ್ದು ಅವಳಿಗೆ ಕೇಳುವ ಹಾಗೆ ಇನ್ನೊಮ್ಮೆ ಹಿಕ್ಕಿಕೊಳ್ಳುತ್ತೇನೆ. ಅತ್ತ ಕಡೆ ಅವಳು ಕತ್ತಿನವರೆಗೆ ಹಣಿಗೆ ಸರಾಗ ಬರುವ ತನಕ ಕೇಳುತ್ತಾ ಕೂತಿರುತ್ತಾಳೆ.