ದುರ್ಗಮ್ಮನಿಗೂ ಒಂದು ವಾರ

ಭದ್ರಾವತಿಯ ಫಿಟ್ಟರ್ ಯೋಗರಾಜ್ ಇಪ್ಪತ್ತಾರು ವರ್ಷದಿಂದ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೆಲಸಗಾರ. ಹನ್ನೊಂದು ತಿಂಗಳಾಗುತ್ತಲೇ ಅವನನ್ನು ತೆಗೆಯುತ್ತಾರೆ, ಒಂದು ವಾರ ಬಿಟ್ಟು ಹೊಸಬ ಅಂತ ಸೇರಿಸಿಕೊಳ್ಳುತ್ತಾರೆ. ಕಾಯಂ ಮಾಡದೆ ದುಡಿಸಿಕೊಳ್ಳುವ ಈ ಉಪಾಯ ಕಂಡುಹಿಡಿದ ಪುಣ್ಯಾತ್ಮ ಎಲ್ಲಿದ್ದಾನೋ, ಕಾಯಂ ನೌಕರಿಯಲ್ಲೇ ಇರುತ್ತಾನೆ.

ಆ ಒಂದು ವಾರ ಮನೆಯಲ್ಲಿ ಕೂತು ಹೆಂಡತಿಯ ಒಗ್ಗರಣೆಗೆ ಹೆಸರಿಡುವುದು ಯೋಗರಾಜನ ರೂಢಿ. ಈ ಸಲ ದುರ್ಗಮ್ಮ ಸೌಟು ಕೆಳಗಿಟ್ಟಳು.

"ನಿಮ್ಮನ್ನಾದ್ರೂ ವರ್ಷಕ್ಕೊಂದ್ಸಲ ತೆಗೀತಾರೆ. ನನ್ನ ಯಾವಾಗ್ರೀ ತೆಗಿಯೋದು?"

ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುವ ಮಗಳು ಕವನ ದಾರಿ ತೋರಿಸಿದಳು: ಕೂಡ್ಲಿ, ಬಳ್ಳಿಗಾವಿ, ಹಳೇ ಊರುಗಳು, ಮೂರು ದಿನ, ಗುಡಾರ ಹಾಕಿಕೊಂಡು.

"ಮೂರು ದಿನ ನೀನು ಒಲೆ ಮುಟ್ಟಂಗಿಲ್ಲ ಮಾರಾಯ್ತಿ. ಅಡುಗೆ ನಂದು," ಅಂದ ಯೋಗರಾಜ್.

"ಯಾರಾದ್ರೂ ಕಂಡ ತಕ್ಷಣ ಸೌಟು ನನ್ನ ಕೈಗೆ ಬರುತ್ತೆ. ಬರ್ದಿಟ್ಕೊಳ್ಳಿ."

"ಕೊಟ್ರೆ ಕೇಳು."

ಗುಡಾರ ಹೊಲಿದದ್ದು ಹುಟ್ಟುಹಬ್ಬದ ಹಳೇ ಫ್ಲೆಕ್ಸಿನಿಂದ. ಒಳಗೆ ಕೂತರೆ ಯಾವನೋ ಮುಖಂಡ ನೆತ್ತಿಯ ಮೇಲೆ ಕೈಮುಗಿದು ನಗುತ್ತಿದ್ದ. "ಚುನಾವಣೆ ಇಲ್ದೇನೂ ಬಂದಿದಾನಲ್ಲ," ಅಂದಳು ದುರ್ಗಮ್ಮ.

ಮೊದಲ ದಿನ ಕೂಡ್ಲಿಯ ಹೊಳೆದಂಡೆಯಲ್ಲಿ ಅನ್ನ ತಳಹಿಡಿಯಿತು. ದುರ್ಗಮ್ಮ ಹೆಸರಿಡದೆ ಉಂಡಳು, ಉಪ್ಪಿನಕಾಯಿ ಮಾತ್ರ ಮೂರು ಸಲ ಕೇಳಿದಳು. ಎರಡನೇ ದಿನ ಬಳ್ಳಿಗಾವಿ. ದೇವಸ್ಥಾನದ ಹತ್ತಿರ ಮರದ ಕೆಳಗೆ ಮೂರು ಕಲ್ಲು ಹೂಡಿ, ತಲೆಗೆ ಟವೆಲ್ ಸುತ್ತಿ ಯೋಗರಾಜ್ ಹುರುಳಿ ಸಾರು ತಿರುವುತ್ತಿದ್ದ. ದುರ್ಗಮ್ಮ ಮಗಳ ಪಕ್ಕ ಕಾಲು ಚಾಚಿ ಎಲೆಅಡಿಕೆ ಮೆಲ್ಲುತ್ತಿದ್ದಳು.

ಆಗ ಶಿವಮೊಗ್ಗದ ರವೀಂದ್ರನಗರದಿಂದ ಒಂದು ಕಾರು ಬಂತು. ಇಳಿದವರು ನಿವೃತ್ತ ಸಂಸ್ಕೃತ ಮೇಷ್ಟ್ರು ಶಂಕರನಾರಾಯಣ, ಅವರ ಹೆಂಡತಿ ಭವಾನಿ. ದೇವಸ್ಥಾನದ ಫೋಟೋ ಮುಗಿದ ಮೇಲೆ ಮೊಬೈಲು ಗುಡಾರದ ಕಡೆ ತಿರುಗಿತು. ಕಲ್ಲು ಮುಟ್ಟಬೇಡಿ ಅಂತ ಬೋರ್ಡು ಇರುತ್ತದೆ. ಬಡವರ ಫೋಟೋ ಕೇಳಿ ತೆಗೆಯಿರಿ ಅಂತ ಎಲ್ಲೂ ಬರೆದಿರುವುದಿಲ್ಲ.

"ಅಲೆಮಾರಿ ಜನ," ಅಂದರು ಮೇಷ್ಟ್ರು. "ನೋಡು ಭವಾನಿ, ಇವರಲ್ಲಿ ಗಂಡಸರದ್ದೇ ಅಡುಗೆ. ಬಹಳ ಪುರಾತನ ಪದ್ಧತಿ."

ಯೋಗರಾಜನ ಕಿವಿ ಬಿಸಿಯಾಯಿತು. ಸೌಟು ಹಿಡಿದ ಕೈ ತಾನಾಗಿಯೇ ದುರ್ಗಮ್ಮನ ಕಡೆ ಚಾಚಿತು. ಅವಳು ಸೌಟು ನೋಡಿದಳು, ಅವನ ಮುಖ ನೋಡಿದಳು, ಮಡಿಲಲ್ಲಿದ್ದ ಕೈ ಎತ್ತಲಿಲ್ಲ. ನನ್ನ ಯಾವಾಗ್ರೀ ತೆಗಿಯೋದು? ಅವಳ ಅವತ್ತಿನ ಮಾತು ನೆನಪಾಗಿ ಅವನು ಸೌಟನ್ನು ವಾಪಸು ಸಾರಿಗಿಳಿಸಿದ.

"ಯಾವ ಜನಾಮ್ಮ ನೀವು?" ಭವಾನಿ ಹತ್ತಿರ ಬಂದು ಕೇಳಿದರು.

ಕವನ ಬಾಯಿ ತೆರೆದಳು. ತಾಯಿ ಅವಳ ತೊಡೆ ಚಿವುಟಿದಳು. "ಕಂಟ್ರಾಕ್ಟ್ ಜನ ಕಣಮ್ಮ. ಹನ್ನೊಂದು ತಿಂಗಳು ಒಂದು ಕಡೆ ಇರ್ತೀವಿ, ಆಮೇಲೆ ಎಬ್ಬಿಸ್ತಾರೆ."

"ಹೆಂಗಸ್ರು ಒಲೆ ಮುಟ್ಟೋದೇ ಇಲ್ವಾ?"

"ಮುಟ್ಟಿದ್ರೆ ದೇವ್ರು ಮುನಿಯುತ್ತೆ."

ಮೇಷ್ಟ್ರು ಪುಟ್ಟ ಪುಸ್ತಕ ತೆಗೆದರು. "ಎಷ್ಟು ಕಾಲದಿಂದ ಬಂದ ಪದ್ಧತಿ?"

ಯೋಗರಾಜನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಿನ್ನೆಯಿಂದ ಸರ್."

ಭವಾನಿ ನಕ್ಕ ನಗೆಗೆ ಮರದ ಕಾಗೆ ಹಾರಿಹೋಯಿತು. "ಬರ್ಕೊಳ್ಳಿ," ಅಂದರು ಗಂಡನಿಗೆ. "ಎರಡು ಸಲ ಬರ್ಕೊಳ್ಳಿ."

ಯೋಗರಾಜ್ ಊಟಕ್ಕೆ ಕರೆದ. "ನಾವು ಹೊರಗೆ ತಿನ್ನಲ್ಲ," ಅಂತ ಮೇಷ್ಟ್ರು ಹಿಂದೆ ಸರಿದರು. ಯಾರು ಕೆತ್ತಿದರೋ ತಿಳಿಯದ ಕಲ್ಲನ್ನು ಈಗಷ್ಟೇ ಸವರಿದ ಕೈಗೆ, ಎದುರಿಗೆ ನಿಂತವನ ತಟ್ಟೆ ಮೈಲಿಗೆ. ಭವಾನಿ ಮಾತ್ರ ಕಲ್ಲಿನ ಮೇಲೆ ಕೂತು ಉಂಡರು. "ಉಪ್ಪು ಜಾಸ್ತಿ," ಅಂದರು, "ಆದ್ರೂ ನಾನು ಮಾಡಿದ್ದಲ್ವಲ್ಲ," ಅಂತ ಇನ್ನೊಂದು ಸೌಟು ಹಾಕಿಸಿಕೊಂಡರು.

ಮೂರನೇ ದಿನ ಸಂಜೆ ಭದ್ರಾವತಿಯ ಮನೆಗೆ ಬಂದರು. ದುರ್ಗಮ್ಮ ಹೊಸ್ತಿಲ ಹತ್ತಿರ ಕಾಲು ಚಾಚಿ ಕೂತಳು.

"ಮೂರು ದಿನ ಮುಗೀತಲ್ಲ ದುರ್ಗಾ," ಅಂದ ಯೋಗರಾಜ್ ಮೆಲ್ಲಗೆ.

"ಮುಗೀತು. ಒಂದು ವಾರ ಬಿಟ್ಟು ಹೊಸಬಳು ಅಂತ ಸೇರಿಸ್ಕೊಳ್ಳಿ."

ಯೋಗರಾಜ್ ಒಳಗೆ ಹೋಗಿ ಅಕ್ಕಿ ತೊಳೆದ.