‘ಸೋಂಕು’ ಎಂಬ ಮಾತು ಮತ್ತು ರತ್ನಾವತಿ ಬಂಗೇರರು

ನವಿ ಮುಂಬಯಿಯ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ತಜ್ಞರಿಗೆ ಕೊರತೆಯಿಲ್ಲ. ಆದರೆ ತಜ್ಞರ ಮಾತು ಕೇಳಿ ಹೊರಬಂದ ರೋಗಿ ಬಾಗಿಲ ಬಳಿ ನಿಂತು ‘ಈಗ ಏನಂದರು?’ ಎಂದು ಕೇಳಿದಾಗ ಉತ್ತರಿಸಲು ಅಲ್ಲೊಬ್ಬರು ಇರಲೇಬೇಕೆಂದು ಬಗೆದು, ಅದನ್ನೇ ವೃತ್ತಿಯಾಗಿ ಸ್ವೀಕರಿಸಿ, ಆ ವೃತ್ತಿಗೊಂದು ಘನತೆ ತಂದವರಲ್ಲಿ ಶ್ರೀಮತಿ ರತ್ನಾವತಿ ಬಂಗೇರರು ಅಗ್ರಗಣ್ಯರು. ಧರ್ಮಾರ್ಥ ಆಸ್ಪತ್ರೆಯೊಂದರ ಅನ್ನನಾಳ ಚಿಕಿತ್ಸಾ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ದೀರ್ಘಕಾಲ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವುದು ಠಾಣೆ, ಕಲ್ಯಾಣಗಳ ಕನ್ನಡಿಗರಿಗೆಲ್ಲ ಸಂತೋಷದ ಕರ್ತವ್ಯವಾಗಿದೆ.

ಕಟಪಾಡಿಯಲ್ಲಿ ಹುಟ್ಟಿ, ಉಡುಪಿಯಲ್ಲಿ ಸಮಾಜಶಾಸ್ತ್ರ ಓದಿದ ರತ್ನಾವತಿಯವರು ಮೋಹನದಾಸ ಬಂಗೇರರ ಕೈಹಿಡಿದು ಡೊಂಬಿವಲಿಗೆ ಬಂದರು. ಮನೆಯಲ್ಲಿ ತುಳು, ಆಸ್ಪತ್ರೆಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ. ಕನ್ನಡ ಮಾತ್ರ ಸಂಘದ ಕಾರ್ಯಕ್ರಮಗಳಿಗೆ ಉಳಿದಿತ್ತು. ಕಲಬುರಗಿ, ವಿಜಯಪುರ, ರಾಯಚೂರುಗಳಿಂದ ಕೂಲಿಗೆ ಬಂದವರು ನುಂಗಲಾರದ ತುತ್ತಿನ ತೊಂದರೆ ಹೊತ್ತು ಆ ವಿಭಾಗಕ್ಕೆ ಬರತೊಡಗಿದಾಗ, ಮುಖ್ಯಸ್ಥೆ ಡಾ. ಅನಘ ಅವರು ನೋಂದಣಿ ಕೌಂಟರಿನಲ್ಲಿದ್ದ ಇವರನ್ನು ಕರೆದು, ಬಾಗಿಲ ಪಕ್ಕದಲ್ಲೇ ಮೇಜು ಹಾಕಿಸಿದರು. ಗಟ್ಟಿ ಅನ್ನ ಇಳಿಯದವರಿಗಾಗಿ ರತ್ನಾವತಿಯವರು ಮನೆಯಿಂದ ಗಂಜಿ ತರುತ್ತಿದ್ದುದನ್ನು, ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯ ನೂಕುನುಗ್ಗಲಿನಲ್ಲಿ ಆ ಥರ್ಮಾಸನ್ನು ಎದೆಗವಚಿ ನಿಲ್ಲುತ್ತಿದ್ದುದನ್ನು ಸಹಪ್ರಯಾಣಿಕರು ಇಂದಿಗೂ ನೆನೆಯುತ್ತಾರೆ.

ಇಷ್ಟಿದ್ದೂ, ತಮ್ಮ ಸೇವಾವಧಿಯ ಬಗ್ಗೆ ಯಾರಾದರೂ ಕೇಳಿದರೆ ಅವರು ಹೇಳುವುದು ತಾವೇ ದಾರಿ ಕಾಣದೆ ನಿಂತ ಒಂದು ಪ್ರಸಂಗವನ್ನು. ಅದರಲ್ಲಿ ಬರುವ ದಂಪತಿಗಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯಲಾಗಿದೆ.

ಇಂಡಿ ತಾಲೂಕಿನ ಜಟ್ಟೆಪ್ಪ ರಬಾಳೆಯ ಗೋದಾಮಿನಲ್ಲಿ ಲೋಡಿಂಗ್ ಕೆಲಸದವರು. ಪತ್ನಿ ಭೀಮಮ್ಮ, ಮಗಳು ಮಲ್ಲಿಕಾ ಇರುವುದು ಟಿಟ್ವಾಳಾದ ಒಂದು ಕೋಣೆಯಲ್ಲಿ. ರೊಟ್ಟಿ ಎದೆಯಲ್ಲೇ ನಿಂತಂತಾಗುತ್ತದೆಂದು ಬಂದವರಿಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಬದಲಾದ ಜೀವಕೋಶಗಳ ಒಂದು ಮಚ್ಚೆ ಕಂಡಿತು. ಕ್ಯಾನ್ಸರ್ ಆಗಿರಲಿಲ್ಲ; ಬಿಟ್ಟರೆ ಆಗಬಹುದಾಗಿತ್ತು. ಇಂಥ ಮಚ್ಚೆಗಳಲ್ಲಿ ಎಚ್‌ಪಿವಿ ಎಂಬ ವೈರಸ್ ಇದೆಯೇ ಎಂದು ವಿಭಾಗದಲ್ಲಿ ಆಗ ಒಂದು ಅಧ್ಯಯನ ನಡೆಯುತ್ತಿತ್ತು. ಜಟ್ಟೆಪ್ಪ ಅದಕ್ಕೆ ಒಪ್ಪಿ ಕೊಟ್ಟ ಮಚ್ಚೆಯ ಚೂರಿನಲ್ಲಿ ವೈರಸ್ ಇದೆಯೆಂದು ಫಲಿತಾಂಶ ಬಂತು. ರತ್ನಾವತಿಯವರು ಎಂದಿನ ಶುದ್ಧ ಕನ್ನಡದಲ್ಲಿ, “ಇದು ಕ್ಯಾನ್ಸರಿನ ಮೊದಲಿನ ಸ್ಥಿತಿ. ಜೊತೆಗೆ ಸ್ವಲ್ಪ ಸೋಂಕೂ ಉಂಟು. ಹೆದರಬೇಡಿ, ಮಚ್ಚೆ ತೆಗೆಸಿಕೊಳ್ಳಲಿಕ್ಕೆ ಬನ್ನಿ” ಎಂದರು. ಜಟ್ಟೆಪ್ಪ ತಲೆಯಾಡಿಸಿ ಹೋದರು.

ಹೇಳಿದ ದಿನ ಅವರು ಬರಲಿಲ್ಲ. ಬಂದವರು ಭೀಮಮ್ಮ.

“ಅಕ್ಕಾರ, ನಮ್ಮನಿಯಾವ್ರು ಮನಿಗೇ ಬರವಲ್ರು. ಗೋಡೌನಿನ್ಯಾಗ ಮಲಗ್ತಾರ. ಬಂದ್ರೂ ಹೊರಗ ನಿಂತು ರೊಕ್ಕಾ ಕೊಟ್ಟು ಹೊಂಟ್ಹೋಗ್ತಾರ. ಹುಡುಗಿ ಹತ್ರ ಹೋದ್ರ ದೂರ ಸರೀ ಅಂತಾರ. ನೀವ ಹೇಳೀರಂತಲ್ಲ, ಸೋಂಕು ಅಂತ?”

ಕೊರೊನಾ ಕಾಲದಲ್ಲಿ ಆ ಶಬ್ದ ಯಾವ ಅರ್ಥ ಹೊತ್ತು ಮನೆಮನೆಗೆ ಹೋಗಿತ್ತೆಂಬುದು ರತ್ನಾವತಿಯವರಿಗೆ ಹೊಳೆದದ್ದೇ ಆಗ. ನೇರ ಡಾ. ಅನಘ ಅವರ ಕೋಣೆಗೆ ಹೋಗಿ ಮರಾಠಿಯಲ್ಲಿ ಕೇಳಿದರು:

“ಡಾಕ್ಟರ್, ಅವರಿಗೆ ಹೀಗಾದದ್ದು ಆ ವೈರಸ್ಸಿನಿಂದಲೇ?”

“ಹೇಳಲಾಗದು. ಗರ್ಭಕಂಠದ ಕ್ಯಾನ್ಸರಿಗಾದರೆ ಅದೇ ಕಾರಣ ಅನ್ನಬಹುದು. ಅನ್ನನಾಳದಲ್ಲಿ ಅದರ ಪಾತ್ರವೇನೆಂದು ಸಂಶೋಧಕರಲ್ಲೇ ಒಮ್ಮತವಿಲ್ಲ.”

“ಮನೆಯವರಿಗೆ ಅಂಟುತ್ತದೆಯೇ?”

“ಒಂದೇ ತಾಟಿನಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಅಂಟುವಂಥದ್ದಲ್ಲ.”

“ಕಾರಣವೇ ಹೌದೋ ಅಲ್ಲವೋ ಗೊತ್ತಿಲ್ಲದಿದ್ದರೆ ಪರೀಕ್ಷೆ ಯಾಕೆ ಮಾಡಿದೆವು?”

“ಗೊತ್ತುಮಾಡಿಕೊಳ್ಳುವುದಕ್ಕೇ, ರತ್ನಾತಾಯಿ.”

ಆ ಉತ್ತರ ಸರಿಯಾಗಿಯೇ ಇತ್ತು. ಆದರೆ ಅದನ್ನು ಹೊತ್ತುಕೊಂಡು ಜಟ್ಟೆಪ್ಪನ ಮುಂದೆ ನಿಲ್ಲುವುದು ಹೇಗೆ? ಭೀಮಮ್ಮನ ಜೊತೆ ರಬಾಳೆಗೆ ಹೋಗುವ ಗಾಡಿಯಲ್ಲಿ ಅವರು ಒಂದು ವಾಕ್ಯ ಕಟ್ಟುವರು, ಅದು ಸುಳ್ಳೆನಿಸಿ ಬಿಡುವರು. ಮತ್ತೊಂದು ಕಟ್ಟುವರು, ಅದು ಹೆದರಿಸುವಂತೆ ಕೇಳುವುದು. ವೈರಸ್ ಗಿರಸ್ ಏನೂ ಇಲ್ಲವೆಂದುಬಿಟ್ಟರೆ ಆ ಮನುಷ್ಯ ಇಂದೇ ಮನೆಗೆ ಹೋದಾನು. ನಾಳೆ ಬೇರೊಬ್ಬರು ಇದೆಯೆಂದರೆ? ಗಾಡಿ ನಿಂತಾಗಲೂ ಅವರಿಗೆ ಏನು ಹೇಳಬೇಕೆಂದು ತಿಳಿದಿರಲಿಲ್ಲ.

ಮಧ್ಯಾಹ್ನದ ಊಟದ ಬಿಡುವು. ಜಟ್ಟೆಪ್ಪ ಎಲ್ಲರಿಂದ ದೂರ, ರಟ್ಟಿನ ಪೆಟ್ಟಿಗೆಗಳ ಸಾಲಿನ ಆಚೆ ಕುಳಿತಿದ್ದರು. ಇವರನ್ನು ಕಂಡು ಎದ್ದು, ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

“ನಾನು ಹೇಳಿದ್ದು ನಿಮಗೆ ಹೇಗೆ ಕೇಳಿತು, ಒಮ್ಮೆ ಹೇಳಿ ನೋಡುವ” ಎಂದರು ರತ್ನಾವತಿಯವರು.

“ಮೊದಲಿನ ಸ್ಥಿತಿ ಅಂದ್ರಿ. ಅಂದ್ರ ಕ್ಯಾನ್ಸರ್ ಸುರು ಆಗೇತಿ, ಫಸ್ಟ್ ಸ್ಟೇಜು. ಅದೂ ಅಂಟೂ ರೋಗ. ಇನ್ನ ಕೊಯ್ಸಿ ಏನ್ ಮಾಡೂದ್ರಿ? ಮನ್ಯಾಗಿನವ್ರಿಗೆ ಹತ್ತಲಿಲ್ಲಂದ್ರ ಸಾಕು.”

ಮುಂಚಿನದು ಎಂಬರ್ಥದಲ್ಲಿ ತಾವು ಆಡಿದ ‘ಮೊದಲಿನ’ ಎಂಬ ಮಾತು ‘ಮೊದಲನೆಯ’ ಎಂದು ಕೇಳಿಸಿತ್ತು. ರತ್ನಾವತಿಯವರು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತರು.

“ಕ್ಯಾನ್ಸರ್ ಇನ್ನೂ ಬಂದಿಲ್ಲ ಜಟ್ಟೆಪ್ಪ. ಹಾಗೇ ಬಿಟ್ಟರೆ ಬರಬಹುದು. ಅದಕ್ಕೇ ಆ ಮಚ್ಚೆ ತೆಗೆಯಬೇಕು. ಇದು ಗೊತ್ತಿರುವ ವಿಷಯ.”

“ಮತ್ತ ಆ ಸೋಂಕು?”

“ತಾಟಿನಿಂದ, ಹಾಸಿಗೆಯಿಂದ ಅಂಟುವುದಿಲ್ಲ. ಅದೂ ಗೊತ್ತುಂಟು. ಅದರಿಂದಲೇ ನಿಮಗೆ ಹೀಗಾಯ್ತಾ ಅಂತ ಕೇಳಿದರೆ,” ಅವರು ತಡೆದರು, “ನನಗೆ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಪರೀಕ್ಷಾ ಯಾಕ ಮಾಡಿದ್ರಿ?”

ಬೆಳಿಗ್ಗೆ ತಾವೇ ಕೇಳಿದ ಪ್ರಶ್ನೆ. ಡಾಕ್ಟರರ ಉತ್ತರವನ್ನೇ ಅವರು ಹೇಳಿದರು. ಭೀಮಮ್ಮನಿಗೆ ಸಹನೆ ಮುಗಿಯಿತು.

“ಗೊತ್ತಿಲ್ಲದ್ದಕ್ಕ ಅಂಜಿ ಮನಿ ಬಿಟ್ಟಿ. ಗೊತ್ತಿದ್ದದ್ದಕ್ಕ ದವಾಖಾನಿಗೆ ಬರವಲ್ಲಿ. ಇದೆಂಥಾ ಲೆಕ್ಕಾ ನಿಂದು?”

ಜಟ್ಟೆಪ್ಪ ಬಾಯಿಗೆ ಹಿಡಿದಿದ್ದ ಟವೆಲನ್ನು ಮೆಲ್ಲನೆ ಹೆಗಲಿಗೆ ಹಾಕಿಕೊಂಡರು. ಆ ಸಂಜೆ ಟಿಟ್ವಾಳಾಕ್ಕೆ ಹೋದರು. ಮುಂದಿನ ವಾರ ಆಸ್ಪತ್ರೆಗೂ ಬಂದರು. ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿಯ ಮೂಲಕವೇ ಮಚ್ಚೆಯನ್ನು ತೆಗೆದುಹಾಕಲಾಯಿತು. ಹೊರಗೆ ಕಾದಿದ್ದ ಮಲ್ಲಿಕಾ, ತಾಯಿಯ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ, ರತ್ನಾವತಿಯವರ ಕೈ ಹಿಡಿದು, “ಆಂಟಿ, ಪಪ್ಪಾ ಅಬ್ ಘರ್ ಪೇ ಸೋಯೇಂಗೇ ನಾ?” ಎಂದು ಕೇಳಿದಳು. ಇನ್ನು ಅಪ್ಪ ಮನೆಯಲ್ಲೇ ಮಲಗುತ್ತಾರಲ್ಲವೇ ಎಂಬ ಆ ಒಂದು ಪ್ರಶ್ನೆಗಾದರೂ ಹೌದೆಂದು ಹೇಳಲು ಸಾಧ್ಯವಾದದ್ದು ಅವರಿಗೆ ದೊಡ್ಡ ಸಮಾಧಾನವಾಗಿತ್ತು.

ಆಮೇಲೆ ರತ್ನಾವತಿಯವರ ಒತ್ತಾಯದಿಂದ, ಅಧ್ಯಯನದ ಫಲಿತಾಂಶವನ್ನು ರೋಗಿಗೆ ತಿಳಿಸುವಾಗ ಯಾವುದು ಖಚಿತ, ಯಾವುದು ಅಲ್ಲ ಎಂಬುದನ್ನು ಬಿಡಿಸಿ ಹೇಳುವುದು ಮತ್ತು ಕೇಳಿಸಿಕೊಂಡದ್ದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸುವುದು ವಿಭಾಗದ ಪದ್ಧತಿಯಾಯಿತು. ಗೊಂದಲ ತೀರಿತೆಂದಲ್ಲ. ಮರುವರ್ಷದ ತಪಾಸಣೆಯಲ್ಲಿ ಜಟ್ಟೆಪ್ಪನ ಅನ್ನನಾಳ ಚೆನ್ನಾಗಿತ್ತು, ಹೊಸದಾಗಿ ತೆಗೆದ ಚೂರಿನಲ್ಲಿ ವೈರಸ್ಸೂ ಕಾಣಲಿಲ್ಲ.

“ಹೋತೇನ್ರಿ, ಇಲ್ಲಾ ಮೊದಲಽ ಇದ್ದಿದ್ದಿಲ್ಲೇನು?” ಎಂದು ಅವರು ಕೇಳಿದರು.

“ಗೊತ್ತಿಲ್ಲ” ಎಂದರು ರತ್ನಾವತಿಯವರು. ಈ ಸಲ ತಡವರಿಸಲಿಲ್ಲ.

“ಆಗ್ಲಿ ಬಿಡ್ರಿ. ಮುಂದಿನ ವರ್ಷ ಮತ್ತ ಕೇಳ್ತೀನಿ.”

ಕೇಳಲು ಜಟ್ಟೆಪ್ಪ ಪ್ರತಿವರ್ಷವೂ ಬರುತ್ತಿದ್ದಾರೆ. ನಿವೃತ್ತಿಯ ಬಳಿಕವೂ ವಾರಕ್ಕೊಮ್ಮೆ ಬಂದು ಆ ಬಾಗಿಲ ಪಕ್ಕ ಕೂರಲು ಒಪ್ಪಿರುವ ರತ್ನಾವತಿ ಬಂಗೇರರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ. ಮೋಹನದಾಸರೊಡನೆ ಅವರ ಬಾಳು ನೆಮ್ಮದಿಯದಾಗಲಿ. ಜಟ್ಟೆಪ್ಪನ ಪ್ರಶ್ನೆಗೆ ಎಂದಾದರೊಂದು ದಿನ ವೈದ್ಯರಿಗೆ ಉತ್ತರ ಸಿಕ್ಕರೆ, ಅದನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳುವ ಭಾಗ್ಯ ಇವರದೇ ಆಗಲಿ.