ರಾಟೆಗೆ ಹಾಕಿದ ಔಡಲೆಣ್ಣೆ

ಆ ರಾಟೆಗೆ ಎಣ್ಣೆ ಹಾಕಿದವನು ನಾನು. ಮಾನಪ್ಪ ಮಿಸ್ತ್ರಿಯವರ ಕೈತಪ್ಪೂ ಅಲ್ಲ, ದುರಗಪ್ಪನ ಹಣೆಬರಹವೂ ಅಲ್ಲ — ನಾನೇ, ತಿಳಿದೂ ತಿಳಿದೂ. ಈ ಮಾತನ್ನು ಮೂವತ್ತು ವರ್ಷಕ್ಕೂ ಮೇಲೆ ಹೊಟ್ಟೆಯಲ್ಲಿಟ್ಟುಕೊಂಡು ಉಂಡೆ, ತಿರುಗಿದೆ, ಮಕ್ಕಳ ಮದುವೆ ಮಾಡಿದೆ. ಊರಲ್ಲಿ ನನ್ನನ್ನು ಒಳ್ಳೆಯವನೆಂದು ಕರೆಯುತ್ತಾರೆ. ಆ ಹೆಸರಿನ ಬುಡದಲ್ಲಿ ಏನಿದೆ ಎಂಬುದನ್ನು ಈಗ ಬರೆಯುತ್ತಿದ್ದೇನೆ.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮದು ನಿಜಾಮರ ಸೀಮೆ. ಕೊಪ್ಪಳದ ರೈಲು ನಿಲ್ದಾಣದ ಹತ್ತಿರ ಒಬ್ಬ ಸಾವಕಾರರ ಹತ್ತಿ ಗುದಾಮಿನಲ್ಲಿ ನಾನು ಗುಮಾಸ್ತನಾಗಿದ್ದೆ. ದುರಗಪ್ಪ ಅಲ್ಲಿ ಹಮಾಲ. ಇಬ್ಬರೂ ಇರಕಲ್ಲಗಡದವರು, ಒಂದೇ ಓಣಿಯಲ್ಲಿ ಗೋಲಿ ಆಡಿದವರು. ನಾನು ಉರ್ದು ಸಾಲೆಯಲ್ಲಿ ನಾಲ್ಕು ಅಕ್ಷರ ಕಲಿತೆನೆಂದು ಗಾದಿಯ ಮೇಲೆ ಕೂತೆ, ಅವನು ಕಲಿಯಲಿಲ್ಲವೆಂದು ಹತ್ತಿ ತುಂಬಿದ ದೊಡ್ಡ ಅಂಡಿಗೆ ಹೊತ್ತ — ನಮ್ಮಿಬ್ಬರ ನಡುವೆ ಇದ್ದ ಅಂತರ ಅಷ್ಟೇ.

ಹತ್ತಿ ಅಂಡಿಗೆಗಳನ್ನು ಒಂದರ ಮೇಲೊಂದು ಒಟ್ಟಲು ಹಮಾಲರು ಓರೆಯಾಗಿ ಇಟ್ಟ ಹಲಗೆಯ ಮೇಲೆ ಬೆನ್ನು ಬಾಗಿಸಿ ಹತ್ತುತ್ತಿದ್ದರು. ಸುಗ್ಗಿ ಮುಗಿಯುವುದರೊಳಗೆ ಒಬ್ಬಿಬ್ಬರ ಸೊಂಟ ಹೋಗುತ್ತಿತ್ತು. ಗದಗಿನಲ್ಲಿ ಒಮ್ಮೆ ಸರಪಳಿ ರಾಟೆ ನೋಡಿ ಬಂದಿದ್ದೆ. ತೊಲೆಗೆ ಅದನ್ನು ತೂಗುಹಾಕಿ, ಕೆಳಗೆ ನಿಂತು ಸರಪಳಿ ಜಗ್ಗಿದರೆ ಒಬ್ಬನೇ ಮನುಷ್ಯ ಇಡೀ ಅಂಡಿಗೆಯನ್ನು ಮಾಳಿಗೆಯ ಎತ್ತರಕ್ಕೆ ಏರಿಸುತ್ತಿದ್ದ. ನಮ್ಮಲ್ಲಿಗೂ ಅಂಥದೊಂದು ಬರಲಿ ಎಂದು ಆರು ತಿಂಗಳು ಸಾವಕಾರರ ಬೆನ್ನು ಬಿದ್ದೆ. ಕೊನೆಗೆ ಅವರು ಬೇಸತ್ತು ಒಪ್ಪಿದರು.

"ನೋಡಲಾರದ ತೊಗೊಳ್ಳೂದು ಹೆಂಗೋ ಈರಣ್ಣ? ಇಲ್ಲೇ ತಂದು ಎತ್ತಿ ತೋರಸಲಿ. ಮನಸಿಗೆ ಬಂದ್ರ ಇಟಗೊಳ್ಳೂಣು. ಇಲ್ಲಂದ್ರ ಬಂದ ಗಾಡಿಗೆ ಹೊಳ್ಳಿ ಹೋಗಲಿ."

ಹುಬ್ಬಳ್ಳಿಯ ಅಂಗಡಿಯವರು ರಾಟೆಯ ಜೊತೆ ಮಾನಪ್ಪ ಮಿಸ್ತ್ರಿಯವರನ್ನು ಕಳಿಸಿದರು. ಸಣ್ಣ ಆಳು, ಐವತ್ತರ ಆಸುಪಾಸು, ಮಾತು ಕಮ್ಮಿ. ನಿಜಾಮರ ಗಡಿಯ ಸುಂಕದ ನಾಕಾದಲ್ಲಿ ಅರ್ಧ ದಿನ ಕಾಯಿಸಿದ್ದರಂತೆ. ಅದರ ಬಗ್ಗೆಯೂ ಬೈಗುಳವಿಲ್ಲ. ತೊಲೆಗೆ ರಾಟೆ ಕಟ್ಟಿ, ಸರಪಳಿಗೆ ಎಣ್ಣೆ ಸವರಿದರು. ಆಮೇಲೆ ಮಣ್ಣು ಹಚ್ಚಿ ಎರಡು ಸಲ ಕೈ ತೊಳೆದರು. ತಂಬಿಗೆ ಹಿಡಿದು ನೀರು ಹಾಕಿದವನು ನಾನು — ಇದನ್ನು ನೆನಪಿಡಬೇಕು. ಕೈ ಒರೆಸಿಕೊಂಡು ರಾಟೆಯ ಪಕ್ಕದ ಉರುಟು ಡಬ್ಬಿಯ ಮುಚ್ಚಳ ತೆಗೆದು ನನಗೆ ತೋರಿಸಿದರು.

"ಇದು ಬಿರಕಿ ನೋಡ್ರಿ. ಜಗ್ಗೂದು ನಿಲ್ಲಿಸಿದ್ರ ವಜ್ಜಾ ಹಿಡಿಯೂದು ಇದ. ಇದರಾಗ ಒಂದು ಹನಿ ಎಣ್ಣಿ ಬೀಳಬಾರದು. ಎಲ್ಲಾ ಕಡೆ ಹಾಕ್ರಿ, ಇಲ್ಲಿ ಮಾತ್ರ ಬ್ಯಾಡ."

ಮೊದಲ ದಿನದ ಪರೀಕ್ಷೆ ಚೆನ್ನಾಗಿಯೇ ಆಯಿತು. ಒಂದು ಅಂಡಿಗೆ ಏರಿತು, ನಿಂತಿತು. ತೂಗುತ್ತಿದ್ದ ಅಂಡಿಗೆಯ ಕೆಳಗೆ ಮಿಸ್ತ್ರಿಯವರು ತಾವೇ ಹೋಗಿ ನಿಂತು, ಎಲೆ ಅಡಿಕೆ ಹಾಕಿಕೊಂಡರು. ಹಮಾಲರು ನಕ್ಕರು. ಆದರೆ ಏರುವಾಗ ಅದು ಟಕ್ ಟಕ್ ಎಂದು ಸಪ್ಪಳ ಮಾಡುತ್ತಿತ್ತು. ಸಾವಕಾರರು ಕಿವಿಗೆ ಬೆರಳಿಟ್ಟು, ಎಲ್ಲರ ಎದುರಿಗೆ ನನ್ನ ಕಡೆ ತಿರುಗಿದರು. "ಇದನ್ನೇನೋ ನೀ ಆರು ತಿಂಗಳಿಂದ ಹೊಗಳಾಕತ್ತಿದ್ದು? ಹಳೇ ಗಾಡಿ ಒದರಿದಂಗ ಒದರತೈತಿ. ನಾಳೆ ಎರಡು ಅಂಡಿಗಿ ಎತ್ತಿ ತೋರಸಲಿ, ಆಮ್ಯಾಲ ನೋಡೂಣು."

ಆ ಸಪ್ಪಳ ರಾಟೆಯ ಗಾಲಿಯ ಹಲ್ಲು ಕಚ್ಚಿ ಹಿಡಿಯುವ ಸಪ್ಪಳ, ಇರಲೇಬೇಕಾದದ್ದು ಎಂದು ಮಿಸ್ತ್ರಿಯವರು ಹೇಳಿದರು. ಸಾವಕಾರರು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ — ಕೇಳಿಯೂ ನಂಬಲಿಲ್ಲ. ನಮ್ಮಪ್ಪನ ಮನೆಯಲ್ಲಿ ಎರಡು ಗಾಡಿ ಇದ್ದವು. ಅಚ್ಚು ಕಿರುಗುಟ್ಟಿದರೆ ಔಡಲೆಣ್ಣೆ ಹಾಕಬೇಕು, ಹಾಕಿದರೆ ಸುಮ್ಮನಾಗುತ್ತದೆ. ಹುಟ್ಟಿದಾಗಿನಿಂದ ಕಂಡ ವಿದ್ಯೆ ಅದು. ಎಣ್ಣೆ ಬೇಡವೆನ್ನುವ ಕಬ್ಬಿಣ ಎಲ್ಲಿಯಾದರೂ ಉಂಟೇ? ಪ್ಯಾಟೆಯವರಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗುದಾಮಿನ ಬೀಗ ತೆಗೆದು, ಏಣಿ ಹಾಕಿ ಹತ್ತಿ, ಆ ಡಬ್ಬಿಯ ಮುಚ್ಚಳ ಸರಿಸಿ, ಬೆರಳಿನಿಂದ ಬಳಿದು ಬಳಿದು ಎಣ್ಣೆ ಸವರಿದೆ. ಖಾಲಿ ಸರಪಳಿ ಜಗ್ಗಿ ನೋಡಿದೆ. ಸಪ್ಪಳ ಅಡಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ — ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂಬತ್ತರ ಹೊತ್ತಿಗೆ ಎಲ್ಲರೂ ಕೂಡಿದರು. ಎರಡು ಅಂಡಿಗೆ ಕಟ್ಟಿದರು. ಮಿಸ್ತ್ರಿಯವರು ಸರಪಳಿ ಹಿಡಿದರು. ನಿನ್ನೆಯ ಹಾಗೆ ಕೆಳಗೆ ಯಾರಾದರೂ ನಿಲ್ಲಬೇಕಲ್ಲ — ದುರಗಪ್ಪ ರುಮಾಲು ಸುತ್ತಿಕೊಳ್ಳುತ್ತ ಮುಂದೆ ಬಂದ. "ನಿನ್ನೆ ನೀವು ನಿಂತಿರಿ. ಇವತ್ತು ನಾ ನಿಂದರತೀನ್ರಿ. ನಾಳೆ ಇದರ ಕೂಡ ಬಾಳೇವು ಮಾಡಾವ ನಾನ ಅಲ್ಲೇನ್ರಿ?" ಮಿಸ್ತ್ರಿಯವರು ಒಂದು ಗಳಿಗೆ ಯೋಚಿಸಿ, ಆಗಲಿ ಎಂದು ತಲೆಯಾಡಿಸಿದರು. ನಾನೂ ನಕ್ಕೆ.

ಅಂಡಿಗೆಗಳು ಏರಿದವು, ಹೆಚ್ಚು ಸದ್ದಿಲ್ಲದೆ. ಸಾವಕಾರರು ನನ್ನ ಕಡೆ ನೋಡಿ "ಇವತ್ತು ಛಲೋ ಆಗೇತಲ್ಲೋ" ಎಂದರು. ಆಗ ಮಿಸ್ತ್ರಿಯವರ ಮುಖ ಬದಲಾಯಿತು. ಸಪ್ಪಳ ಯಾಕೆ ಕಮ್ಮಿಯಾಯಿತೆಂದು ಕೇಳಿಸಿಕೊಳ್ಳಲು ಅವರು ಕೈ ನಿಲ್ಲಿಸಿದರು. ಕೈ ನಿಂತ ಕೂಡಲೇ ಭಾರವೆಲ್ಲ ಬಿರಕಿಯ ಮೇಲೆ ಬಿತ್ತು; ಬಿರಕಿ ಜಾರಿತು. ಅವರು "ಆಚಿ ಸರಿ" ಎಂದು ಕೂಗಿದ್ದೂ ಅಂಡಿಗೆಗಳು ನೆಲಕ್ಕೆ ಬಿದ್ದದ್ದೂ ಒಟ್ಟಿಗೇ. ದುರಗಪ್ಪ ಜಿಗಿದ. ಮೈ ಆಚೆಗೆ ಹೋಯಿತು, ಬಲಗಾಲು ಅಂಡಿಗೆಯ ಕೆಳಗೆ ಉಳಿಯಿತು.

ಅವನನ್ನು ಕಿತ್ತ ಬಾಗಿಲ ಹಲಗೆಯ ಮೇಲೆ ಮಲಗಿಸಿ ನಿಲ್ದಾಣಕ್ಕೆ ಒಯ್ದರು, ಗದಗಿನ ಆಸ್ಪತ್ರೆಗೆ. ಹಿಂದೆ ಉಳಿದವರ ಎದುರಿಗೆ ಮಿಸ್ತ್ರಿಯವರು ಏಣಿ ಹತ್ತಿ ಡಬ್ಬಿ ತೆಗೆದರು, ಬೆರಳಿಟ್ಟು ನೋಡಿದರು, ಇಳಿದು ಬಂದರು. ಬೆರಳು ಹೊಳೆಯುತ್ತಿತ್ತು.

"ಇದರಾಗ ಯಾರರ ಎಣ್ಣಿ ಹಾಕೀರೇನ್ರಿ?"

ಎಲ್ಲರೂ ನನ್ನ ಕಡೆ ನೋಡಿದರು, ಗುದಾಮಿನ ಕೀಲಿಕೈ ನನ್ನ ಸೊಂಟದಲ್ಲಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಸತ್ಯವಾಗಿಯೂ ತೆರೆದೆ.

"ಇಲ್ಲ," ಎಂದೆ. "ಯಾರೂ ಮುಟ್ಟಿಲ್ಲ. ಕೀಲಿಕೈ ನನ್ನ ಹತ್ರಾನ ಇತ್ತು."

ಅವರು ನನ್ನ ಮೇಲೆ ಸಂಶಯ ಪಡುತ್ತಾರೆಂದುಕೊಂಡಿದ್ದೆ. ಪಟ್ಟಿದ್ದರೆ ಒಳ್ಳೆಯದಿತ್ತು, ಜಗಳವಾಗಿ ಬಾಯಿ ಬಿಡುತ್ತಿದ್ದೆನೋ ಏನೋ. ಅವರು ನನ್ನನ್ನು ನಂಬಿದರು. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಸಣ್ಣ ದನಿಯಲ್ಲಿ, "ಹಂಗಾದ್ರ ನಾನ ಕೈ ಸರಿಯಾಗಿ ತೊಳಕೊಳ್ಳಲಿಲ್ಲ ಕಾಣತೈತಿ, ನಿನ್ನೆ ಒಂದ ಅಂಡಿಗಿ ಇತ್ತಂತ ಹಿಡೀತು" ಎಂದು, ನೀರು ಹಾಕಿದ ನನ್ನ ಕಡೆಗೇ ನೋಡಿದರು. ಎರಡು ಸಲ ಮಣ್ಣು ಹಚ್ಚಿ ತೊಳೆದಿರಿ, ನಾನು ನೋಡಿದ್ದೇನೆ — ಇಷ್ಟು ಹೇಳಿದ್ದರೂ ಸಾಕಿತ್ತು. ನಾನು ನೆಲ ನೋಡಿದೆ.

ಸಂಜೆ ಪೊಲೀಸ್ ಅಮೀನರು ಬಂದು ಉರ್ದುವಿನಲ್ಲಿ ಪಂಚನಾಮೆ ಬರೆದರು. ಮಾರಲು ಬಂದ ಮಿಸ್ತ್ರಿಯ ಅಜಾಗರೂಕತೆ ಎಂದಿತ್ತು. ಅದನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದವನು ನಾನು, ಮೊದಲ ಸಹಿಯೂ ನನ್ನದು. ರಾಟೆ ಹುಬ್ಬಳ್ಳಿಗೆ ಹೊರಳಿ ಹೋಯಿತು. ಆ ಸಾಲಿನ ಯಾವ ಗುದಾಮಿನವರೂ ಮುಂದೆ ಎಷ್ಟೋ ವರ್ಷ ಅಂಥದನ್ನು ಒಳಗೆ ಬಿಡಲಿಲ್ಲ. ಹಮಾಲರು ಹಲಗೆ ಹತ್ತುವುದು ತಪ್ಪಲಿಲ್ಲ. ಅವರ ಸೊಂಟಗಳೂ ನನ್ನ ತಲೆಯ ಮೇಲಿವೆ.

ದುರಗಪ್ಪನ ಕಾಲನ್ನು ಮೊಳಕಾಲಿನ ಕೆಳಗೆ ತೆಗೆದರು. ನಾನು ಸಾವಕಾರರ ಕಾಲು ಹಿಡಿದು ಅವನನ್ನು ಗುದಾಮಿನ ಕಾವಲಿಗೆ ಇಡಿಸಿದೆ. ಅವನ ಮಗನನ್ನು ಸಾಲೆಗೆ ಹಚ್ಚಿದೆ. ಜನ ನನ್ನನ್ನು ಹೊಗಳಿದರು. ದುರಗಪ್ಪನಂತೂ ಎದುರು ಬಂದವರಿಗೆಲ್ಲ ಹೇಳುತ್ತಾನೆ: "ಈರಣ್ಣ ಇದ್ದದ್ದಕ್ಕ ಉಳದೀನಿ. ಆ ಹುಬ್ಬಳ್ಳಿ ಮಿಸ್ತ್ರಿ ನನ್ನ ಮಣ್ಣಾಗ ಇಟ್ಟು ಹ್ವಾದ. ಅವಂಗ ಒಳ್ಳೇದಾಗಬಾರದು." ಪ್ರತಿ ಸಲವೂ ನಾನು "ಹೋಗಲಿ ಬಿಡೋ" ಎನ್ನುತ್ತೇನೆ. ಅದನ್ನೂ ಅವನು ನನ್ನ ದೊಡ್ಡತನವೆಂದೇ ತಿಳಿದಿದ್ದಾನೆ.

ನಿಜಾಮರ ರಾಜ್ಯ ಹೋಗಿ ಹತ್ತಾರು ವರ್ಷದ ಮೇಲೆ ಹುಬ್ಬಳ್ಳಿಗೆ ಹೋಗಿ ಮಿಸ್ತ್ರಿಯವರನ್ನು ಹುಡುಕಿದೆ. ಅವರು ತೀರಿಕೊಂಡಿದ್ದರು. ಮಗ ಸೈಕಲ್ ಅಂಗಡಿ ಇಟ್ಟಿದ್ದ. ಒಂದು ಸೈಕಲ್ಲಿಗೆ ಎಣ್ಣೆ ಬಿಟ್ಟು, ಎದ್ದು ಹೋಗಿ ಬಕೀಟಿನಲ್ಲಿ ಎರಡು ಸಲ ಕೈ ತೊಳೆದು ಬಂದು, ಆಮೇಲೆ ಅದರ ಬ್ರೇಕು ಮುಟ್ಟಿದ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಹೇಳಿದ:

"ಅಪ್ಪ ಹಾಕಿಕೊಟ್ಟ ರೂಢಿ ರೀ. ಕೊಪ್ಪಳದಾಗ ಕೈ ಸರಿಯಾಗಿ ತೊಳೀಲಾರದಕ್ಕ ಒಬ್ಬ ಹಮಾಲನ ಕಾಲು ಕಳದ್ನಿ ಅಂತ ಅವರ ಮನಸಿಗೆ ಭಾಳ ಹತ್ತಿತ್ತು. ನೌಕರಿ ಹ್ವಾತು, ಅದರ ಚಿಂತಿ ಮಾಡಲಿಲ್ಲ. ಆಮ್ಯಾಲ ಮನಷ್ಯಾರ ತಲಿ ಮ್ಯಾಲ ಏರೂವಂಥಾ ಯಾವ ಕೆಲಸಾನೂ ಹಿಡೀಲಿಲ್ಲ. ಸಾಯೂ ಮುಂದನೂ ಕೈ ತೊಳಸಾಕ ನೀರು ಕೇಳಿದ್ರು."

ಚಹಾ ತರಿಸಿದ. ಕುಡಿದೆ. ಅವರು ನಿಮಗೆ ಹೇಗೆ ಪರಿಚಯ ಎಂದು ಕೇಳಿದ. "ಹಿಂಗ, ಮೊದಲ ಕಂಡಿದ್ದೆ" ಎಂದು ಹೇಳಿ ಎದ್ದು ಬಂದೆ. ಮೊದಲ ಸುಳ್ಳು ಹೆದರಿಕೆಯದೆಂದು ಬೇಕಾದರೆ ಅನ್ನಬಹುದು. ಇದು? ಆಗ ನನ್ನನ್ನು ಹೊಡೆಯುವವರು, ಕೆಲಸ ಬಿಡಿಸುವವರು ಯಾರಿದ್ದರು? ಆ ಮಗನಿಗೂ ಒಂದು ಕಾಗದ ಬರೆದಿಟ್ಟಿದ್ದೇನೆ, ನಾಳೆ ಟಪಾಲಿಗೆ ಹೋಗುತ್ತದೆ.

ಇವತ್ತು ಇಲ್ಲಿ ಇನ್ನೊಂದು ಕೆಲಸವಿದೆ. ದುರಗಪ್ಪ ದಿನವೂ ಮಧ್ಯಾಹ್ನ ನಮ್ಮ ಮನೆಯ ಕಟ್ಟೆಗೆ ಬರುತ್ತಾನೆ. ನಾಲ್ಕು ದಿನದಿಂದ ನಾನು ಬರೆಯುವುದನ್ನು ನೋಡುತ್ತಿದ್ದಾನೆ. ನಿನ್ನೆ ಕೇಳಿದ: "ಏನ್ ಬರ್ಯಾಕತ್ತೀಯೋ ಇಷ್ಟು?" "ನಿನ್ನ ವಿಷಯಾನ" ಎಂದೆ. ಅವನಿಗೆ ಖುಷಿಯಾಯಿತು. "ಮುಗದ ಮ್ಯಾಲ ಓದಿ ಹೇಳು ಮತ್ತ. ಆ ಮಿಸ್ತ್ರೀನ ಸುಮ್ಮ ಬಿಡಬ್ಯಾಡ" ಎಂದ.

ಬರೆದರೆ ಮುಗಿಯಿತೆಂದುಕೊಂಡಿದ್ದೆ. ಅವನಿಗೆ ಓದಲು ಬರುವುದಿಲ್ಲ. ಅಂದು ಪಂಚನಾಮೆಯನ್ನು ಓದಿದ ಇದೇ ಬಾಯಿಂದ ಇದನ್ನೂ ಓದಬೇಕು. ಹೊರಗೆ ಕೋಲಿನ ಸಪ್ಪಳ ಕೇಳುತ್ತಿದೆ. ಬಂದು ಕೂತ, ನೀರು ಕೇಳಿದ, ಕುಡಿದ. ಕಾಗದಗಳನ್ನು ಜೋಡಿಸಿಕೊಂಡು ಹೊರಗೆ ಹೋಗುತ್ತಿದ್ದೇನೆ — ಮೊದಲ ಸಾಲಿನಿಂದಲೇ ಓದುತ್ತೇನೆ.